ಸಿಂಪಿಯ ದಿಬ್ಬಗಳೂ ಗೋರುಬಲೆಯೂ

ಇಂಗ್ಲೆಂಡಿನಲ್ಲಿ ಮೂರನೆಯ ಎಡ್ವರ್ಡ್ ದೊರೆ ಆಳುತ್ತಿದ್ದ ಕಾಲ. ೧೩೭೬ನೆಯ ಇಸವಿಯ ಪಾರ್ಲಿಮೆಂಟಿಗೆ ಸಮುದ್ರತೀರದವರ ಅರ್ಜಿಯೊಂದು ಬಂದಿತು. ಅದರಲ್ಲಿದ್ದ ದೂರು ಇಷ್ಟು: ಕೆಲವು ವರ್ಷಗಳಿಂದೀಚೆಗೆ ಕೆಲವರು ಹೊಸ ಬಗೆಯ ಬಲೆಯೊಂದನ್ನು ಕಂಡುಹಿಡಿದಿದ್ದಾರೆ, ಅದರ ಕಣ್ಣುಗಳು ಬಹು ಸಣ್ಣವು, ಅದಕ್ಕೆ ಕಟ್ಟಿರುವ ಉದ್ದವಾದ ಭಾರವಾದ ಕಬ್ಬಿಣವು ಕಡಲ ನೆಲವನ್ನು ಕೆರೆದುಕೊಂಡು ಹೋಗುವುದರಿಂದ ನೀರಡಿಯ ಸಸ್ಯಗಳು ನಾಶವಾಗುತ್ತಿವೆ, ದೊಡ್ಡ ಮೀನುಗಳಿಗೆ ಆಹಾರವಾದ ಸಿಂಪಿಯ ಮರಿಗಳೂ ಇತರ ಚಿಪ್ಪುಮೀನುಗಳ ಮರಿಗಳೂ ಹಾಳಾಗುತ್ತಿವೆ, ಸಿಕ್ಕಿಬಿದ್ದ ಸಣ್ಣ ಮೀನನ್ನು ಏನು ಮಾಡಬೇಕೆಂದು ತೋರದೆ ಜನರು ಅದನ್ನು ಹಂದಿಗಳಿಗೆ ಹಾಕಿ ಕೊಬ್ಬಿಸುತ್ತಿದ್ದಾರೆ. ವಿಷಯವನ್ನು ತಿಳಿದವರಿಂದ ವಿಚಾರಣೆ ನಡೆಯಬೇಕೆಂದು ನಿರ್ಣಯವಾಯಿತು. ವಿಚಾರಣೆಗಳೆಲ್ಲವೂ ಸಾಮಾನ್ಯವಾಗಿ ಹೇಗೆ ಮುಗಿಯುವುವೋ ಇದೂ ಹಾಗೆಯೇ ಮುಗಿದಿರಬೇಕು. ಏಕೆಂದರೆ ಆ ಬಲೆಯ ಸಂತತಿ ಇಂದಿಗೂ ಅಳಿದಿಲ್ಲ.

ಈ ಹಳೆಯ ಅರ್ಜಿಯಲ್ಲಿ ಒಂದು ಸೂಕ್ಷ್ಮವಾದ ಮಾತು ಅಡಗಿದೆ. ಹೊಸ ಬಲೆಯವರು ಹೆಚ್ಚು ಮೀನು ಹಿಡಿಯುತ್ತಾರೆಂಬುದಷ್ಟೇ ಅರ್ಜಿದಾರರ ಸಂಕಟವಾಗಿರಲಿಲ್ಲ. ಮೀನು ಬೆಳೆಯುವ ನೆಲವೇ ಕೆಡುತ್ತದೆಂಬುದು ಅವರ ಮುಖ್ಯವಾದ ಆಕ್ಷೇಪಣೆ. ಎಷ್ಟು ಹಿಡಿದರೆಂಬುದು ಒಂದು ಪ್ರಶ್ನೆ. ಹೇಗೆ ಹಿಡಿದರೆಂಬುದು ಇನ್ನೊಂದು. ಇವೆರಡನ್ನೂ ಬೇರೆಬೇರೆಯಾಗಿ ನೋಡುವುದನ್ನು ಕಲಿಯಲು ವಿದ್ವಾಂಸರಿಗೂ ಸರಕಾರಗಳಿಗೂ ಮುಂದೆ ಐದು ನೂರು ವರ್ಷ ಹಿಡಿಯಿತು. ಆ ಕಲಿಕೆಯ ವೃತ್ತಾಂತವನ್ನು, ಅದರಲ್ಲಿಯೂ ಅಮೆರಿಕದ ಒಂದು ಕೊಲ್ಲಿಯಲ್ಲಿ ಅದು ನಡೆದ ಬಗೆಯನ್ನು, ನಾವು ಇಂದು ಕೇಳುಗರ ಮುಂದೆ ಇಡಬೇಕೆಂದಿದ್ದೇವೆ.

ಸಿಂಪಿಯೆಂದ ಕೂಡಲೆ ಒಳನಾಡಿನವರಾದ ನಮಗೆ ಮುತ್ತಿನ ನೆನಪಾಗುವುದು ಸಹಜ. ಆದರೆ ಇಲ್ಲಿ ಹೇಳಹೊರಟಿರುವುದು ಮುತ್ತಿನ ಸಿಂಪಿಯಲ್ಲ, ಇಂಗ್ಲಿಷಿನವರು ಆಯಿಸ್ಟರ್ ಎಂದು ಕರೆಯುವ, ತಿನ್ನಲು ಬರುವ ಸಿಂಪಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಇದು ಅಪರಿಚಿತವಲ್ಲ. ಕುಮಟೆಯ ಸಮೀಪದಲ್ಲಿ ಕಡಲನ್ನು ಸೇರುವ ಅಘನಾಶಿನಿಯ ಅಳಿವೆಯಲ್ಲಿ, ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ನೀರಿಗಿಳಿದು ಬಳಚು ಮೊದಲಾದ ಚಿಪ್ಪುಮೀನುಗಳನ್ನು ಕೈಯಿಂದಲೇ ಆಯ್ದುಕೊಳ್ಳುವುದನ್ನು ಕಂಡವರು ಕೇಳುಗರಲ್ಲಿಯೂ ಕೆಲವರು ಇರಬಹುದು. ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯ ಆರಂಭ ಸುಲಭವಾಗಿ ತಿಳಿಯುತ್ತದೆ.

ಈ ಪ್ರಾಣಿಯ ಜೀವನಕ್ರಮ ವಿಚಿತ್ರವಾದುದು. ಹೆಣ್ಣುಸಿಂಪಿಯೊಂದು ಒಂದು ಋತುವಿನಲ್ಲಿ ಲಕ್ಷಗಟ್ಟಲೆ, ಕೋಟಿಗಟ್ಟಲೆ ಮೊಟ್ಟೆಗಳನ್ನು ನೀರಿನಲ್ಲಿ ಬಿಡುತ್ತದೆ. ಮೊಟ್ಟೆಯಿಂದ ಹೊರಟ ಮರಿ ಎರಡು ಮೂರು ವಾರ ನೀರಿನಲ್ಲಿ ತೇಲಾಡಿಕೊಂಡಿದ್ದು, ಆಮೇಲೆ ಗಟ್ಟಿಯಾದ, ಶುಭ್ರವಾದ ಆಸರೆಯೊಂದನ್ನು ಹುಡುಕಿ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿಕೊಂಡರೆ ಸಾಯುವವರೆಗೂ ಅಲ್ಲಿಯೇ. ಕೆಸರಿನ ಮೇಲೆ ಬಿದ್ದ ಮರಿ ಉಸಿರುಕಟ್ಟಿ ಸಾಯುತ್ತದೆ. ಮರಿಗೆ ಎಲ್ಲಕ್ಕಿಂತ ಪ್ರಿಯವಾದ ಆಸರೆ ಯಾವುದೆಂದರೆ ತನ್ನ ಹಿರಿಯರ ಚಿಪ್ಪು. ಹೀಗೆ ಅಜ್ಜನ ಚಿಪ್ಪಿನ ಮೇಲೆ ಮಗನೂ ಮಗನ ಚಿಪ್ಪಿನ ಮೇಲೆ ಮೊಮ್ಮಗನೂ ಕುಳಿತು, ತಲೆಮಾರುಗಳು ಕಳೆದಂತೆ ಕಡಲ ನೆಲದ ಮೇಲೆ ದಿಬ್ಬವೇಳುತ್ತದೆ. ಸತ್ತವರ ಮನೆಯೇ ಬದುಕಿರುವವರ ತಳಪಾಯ. ಮೇಲಿನ ಪದರ ಮಾತ್ರ ಜೀವಂತವಾಗಿದ್ದು, ಕೆಳಗಿರುವುದೆಲ್ಲವೂ ಬರಿಯ ಚಿಪ್ಪು. ಆದರೆ ಆ ಬರಿಯ ಚಿಪ್ಪಿಲ್ಲದಿದ್ದರೆ ಮೇಲಿನ ಜೀವಕ್ಕೆ ನಿಲ್ಲಲು ಎಡೆಯಿಲ್ಲ.

ಇತರ ಮೀನುಗಾರಿಕೆಗೂ ಸಿಂಪಿಯ ಕೊಯ್ಲಿಗೂ ಇರುವ ಭೇದವು ಇಲ್ಲಿದೆ. ಬಂಗಡೆಯನ್ನೋ ಬೂತಾಯಿಯನ್ನೋ ಹಿಡಿದರೆ ಕಡಲು ಕಡಲಾಗಿಯೇ ಉಳಿಯುತ್ತದೆ. ಸಿಂಪಿಯನ್ನು ಎತ್ತಿದರೆ ಅದರೊಡನೆ ನೆಲವೂ ಎದ್ದು ಬರುತ್ತದೆ. ಕೆರೆಯಲ್ಲಿ ಮೀನು ಹಿಡಿಯಬಂದವನು ಮೀನಿನ ಜೊತೆಗೆ ಏರಿಯ ಕಲ್ಲುಗಳನ್ನೂ ಹೊತ್ತುಕೊಂಡು ಹೋದರೆ ಊರವರು ಸುಮ್ಮನಿರುವರೆ? ಸಿಂಪಿಯ ವಿಷಯದಲ್ಲಿ ಜಗತ್ತು ಬಹುಕಾಲ ಸುಮ್ಮನಿದ್ದಿತು. ಏರಿಯು ನೀರಿನ ಅಡಿಯಲ್ಲಿದ್ದುದೇ ಅದಕ್ಕೆ ಕಾರಣ.

ಸುಮ್ಮನಿದ್ದವರಲ್ಲಿ ದಡ್ಡರು ಮಾತ್ರವೇ ಇರಲಿಲ್ಲ. ೧೮೬೩ರಲ್ಲಿ ಬ್ರಿಟಿಷ್ ಸರಕಾರವು ಕಡಲ ಮೀನುಗಾರಿಕೆಯ ವಿಚಾರಣೆಗಾಗಿ ನೇಮಿಸಿದ ಮಂಡಲಿಯಲ್ಲಿ ಪ್ರಸಿದ್ಧ ಜೀವಶಾಸ್ತ್ರಜ್ಞರಾದ ತಾಮಸ್ ಹಕ್ಸ್ಲಿಯವರಿದ್ದರು. ಸಿಂಪಿ ಕಡಮೆಯಾಗಿರುವುದು ನಿಜ, ಆದರೆ ಅದಕ್ಕೆ ಕಾರಣ ಅತಿಯಾದ ಕೊಯ್ಲಲ್ಲ, ಕೆಲವು ವರ್ಷ ಮರಿಗಳು ಸರಿಯಾಗಿ ನಿಲ್ಲದೆ ಹೋದುದು ಎಂದು ೧೮೬೬ರಲ್ಲಿ ಆ ಮಂಡಲಿ ವರದಿ ಮಾಡಿತು. ೧೮೬೮ರ ಶಾಸನದಿಂದ ಹಳೆಯ ನಿರ್ಬಂಧಗಳು ಅನೇಕವಾಗಿ ರದ್ದಾದುವು. ಒಂದು ತಾಯಿಗೆ ಕೋಟಿ ಮಕ್ಕಳಿರುವಾಗ ಹತ್ತು ತಾಯಂದಿರು ಉಳಿದರೂ ಸಾಲದೆ ಎಂಬುದು ಆ ಕಾಲದ ತರ್ಕ. ತರ್ಕ ಸರಿಯಾಗಿಯೇ ಇದ್ದಿತು. ಮಕ್ಕಳು ಎಲ್ಲಿ ಕೂರಬೇಕೆಂಬ ಒಂದು ಪ್ರಶ್ನೆ ಮಾತ್ರ ಅದರಲ್ಲಿ ಬಿಟ್ಟುಹೋಗಿದ್ದಿತು.

ಆ ಪ್ರಶ್ನೆಯನ್ನು ಎತ್ತಿಕೊಂಡವರು ಜರ್ಮನಿಯ ಕೀಲ್ ನಗರದ ಅಧ್ಯಾಪಕರಾದ ಕಾರ್ಲ್ ಮೋಬಿಯಸ್. ಫ್ರಾನ್ಸಿನ ರೀತಿಯಲ್ಲಿ ಸಿಂಪಿಯ ಕೃಷಿಯನ್ನು ತಮ್ಮ ಉತ್ತರತೀರದಲ್ಲಿಯೂ ಮಾಡಬಹುದೇ ಎಂದು ಪ್ರಷ್ಯದ ಸರಕಾರ ಅವರನ್ನು ಕೇಳಿತು. ಅವರು ಶ್ಲೆಸ್‌ವಿಗ್-ಹೋಲ್‌ಸ್ಟೈನ್ ತೀರದ ಸಿಂಪಿದಿಬ್ಬಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಸಾಧ್ಯವಿಲ್ಲವೆಂದು ಉತ್ತರ ಕೊಟ್ಟರು. ಸರಕಾರಕ್ಕೆ ನಿರಾಶೆಯಾಗಿರಬೇಕು, ಶಾಸ್ತ್ರಕ್ಕೆ ಮಾತ್ರ ಅದರಿಂದ ದೊಡ್ಡ ಲಾಭವಾಯಿತು. ೧೮೭೭ರಲ್ಲಿ ಅಚ್ಚಾದ ತಮ್ಮ ಗ್ರಂಥದಲ್ಲಿ ಅವರು ಸಿಂಪಿಯ ದಿಬ್ಬವೆಂಬುದು ಒಂದೇ ಜಾತಿಯ ಪ್ರಾಣಿಗಳ ರಾಶಿಯಲ್ಲವೆಂದೂ, ಏಡಿ, ಹುಳು, ಸ್ಪಂಜು, ಮೀನುಗಳೆಲ್ಲವೂ ಒಂದನ್ನೊಂದು ಅವಲಂಬಿಸಿ ಒಂದು ಮಿತಿಯಲ್ಲಿ ಬಾಳುವ ಜೀವಸಮುದಾಯವೆಂದೂ ಪ್ರತಿಪಾದಿಸಿದರು. ಇದಕ್ಕೆ ‘ಬಯೋಸೀನೋಸ್’ ಎಂದು ಅವರಿಟ್ಟ ಹೆಸರು ಇಂದು ಜೀವಪರಿಸರಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ಸಮುದಾಯದ ಒಬ್ಬ ಸದಸ್ಯನನ್ನು ಅತಿಯಾಗಿ ಕಿತ್ತರೆ ಅವನ ಜಾಗ ಬರಿದಾಗಿ ಅವನಿಗಾಗಿ ಕಾದಿರುವುದಿಲ್ಲ, ಬೇರೆಯವರು ಅದನ್ನು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಫ್ರಾನ್ಸಿನ ಹಾಳಾದ ದಿಬ್ಬಗಳ ಉದಾಹರಣೆಯಿಂದ ಅವರು ತೋರಿಸಿದರು. ಅವರು ಪರೀಕ್ಷಿಸಿದ ದಿಬ್ಬಗಳೂ ಇಪ್ಪತ್ತನೆಯ ಶತಮಾನದ ನಡುವಿನ ವೇಳೆಗೆ ಅಳಿದುಹೋದುವು.

ಇನ್ನು ಅಮೆರಿಕಕ್ಕೆ ಬರೋಣ. ಮೋಬಿಯಸರ ಗ್ರಂಥ ಅಚ್ಚಾಗುತ್ತಿದ್ದ ಕಾಲದಲ್ಲಿಯೇ ಅಲ್ಲಿನ ಪೂರ್ವತೀರದಲ್ಲಿ ಈ ಪಾಠದ ಪ್ರಯೋಗಭಾಗವು ಬಹು ದೊಡ್ಡ ಪ್ರಮಾಣದಲ್ಲಿ ನಡೆದಿದ್ದಿತು. ಚೆಸಪೀಕ್ ಕೊಲ್ಲಿಯು ಸುಮಾರು ೨೦೦ ಮೈಲಿ ಉದ್ದದ ಒಂದು ಮಹಾ ಅಳಿವೆ. ಅದರ ಉತ್ತರಭಾಗ ಮೇರಿಲೆಂಡ್ ಸಂಸ್ಥಾನಕ್ಕೂ ದಕ್ಷಿಣಭಾಗ ವರ್ಜೀನಿಯ ಸಂಸ್ಥಾನಕ್ಕೂ ಸೇರಿದುವು. ಅನೇಕ ನದಿಗಳು ಬಂದು ಬೀಳುವ ಈ ಕೊಲ್ಲಿಯ ಸರಾಸರಿ ಆಳ ೨೧ ಅಡಿಗಳಷ್ಟೇ. ಸಿಹಿನೀರೂ ಉಪ್ಪುನೀರೂ ಬೆರೆತ, ಆಳವಿಲ್ಲದ ಇಂಥ ನೀರು ಸಿಂಪಿಗೆ ಅಮೃತಪ್ರಾಯ. ೧೭೦೧-೦೨ರಲ್ಲಿ ಅಲ್ಲಿಗೆ ಹೋಗಿದ್ದ ಸ್ವಿಟ್ಸರ್ಲೆಂಡಿನ ಪ್ರವಾಸಿಯಾದ ಮಿಷೆಲ್ ಎಂಬವನು, ಸಿಂಪಿಯ ದಿಬ್ಬಗಳನ್ನು ತಪ್ಪಿಸಿಕೊಂಡು ಹಡಗುಗಳು ನಡೆಯಬೇಕಾಗಿತ್ತೆಂದೂ, ತಾನು ಕುಳಿತಿದ್ದ ದೋಣಿಯೇ ಅಂಥ ದಿಬ್ಬಕ್ಕೆ ತಗುಲಿ ಭರತಕ್ಕಾಗಿ ಸುಮಾರು ಎರಡು ಗಂಟೆ ಕಾಯಬೇಕಾಯಿತೆಂದೂ ಬರೆದಿಟ್ಟಿದ್ದಾನೆ. ಅಲ್ಲಿನ ಬೆಸ್ತರು ಇಂದಿಗೂ ಸಿಂಪಿದಿಬ್ಬವನ್ನು ‘ಬಂಡೆ’ ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ. ಹಡಗನ್ನು ತಡೆಯಬಲ್ಲುದಕ್ಕೆ ಬೇರೆ ಹೆಸರು ಏಕೆ?

ಬಿಳಿಯರು ಬರುವುದಕ್ಕೆ ಮೊದಲು ಆ ತೀರದ ಮೂಲನಿವಾಸಿಗಳು ಎರಡು ಸಾವಿರ ವರ್ಷಗಳಿಗೂ ಮೀರಿದ ಕಾಲ ಸಿಂಪಿಯನ್ನು ತಿಂದು ಬದುಕಿದ್ದರು. ಅವರು ಎಸೆದ ಚಿಪ್ಪಿನ ರಾಶಿಗಳನ್ನು ಅಗೆದು ಅಳೆದ ವಿದ್ವಾಂಸರು ೨೦೧೬ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ಆ ದೀರ್ಘಕಾಲದಲ್ಲಿ ಸಿಂಪಿಯ ಗಾತ್ರದಲ್ಲಿ ಹೇಳುವಷ್ಟು ಇಳಿತ ಕಂಡುಬಂದಿಲ್ಲವೆಂದು ತಿಳಿಯುತ್ತದೆ. ಆ ಜನರು ಕಾಡಿನ ಋಷಿಗಳಾಗಿದ್ದರೆಂದು ನಾವು ಕಲ್ಪಿಸಿಕೊಳ್ಳಬೇಕಾಗಿಲ್ಲ. ಸಂಖ್ಯೆಯಲ್ಲಿ ಅವರು ಕಡಮೆ. ಮೇಲಾಗಿ ದಡದ ಬಳಿ ಕೈಗೆ ಎಟಕುವುದನ್ನು ಅವರು ಆಯ್ದುಕೊಂಡರು, ಆಳದ ದಿಬ್ಬಗಳು ಅವರ ಕೈಗೆ ಎಟಕಲಿಲ್ಲ. ಎಟಕದೆ ಉಳಿದುದೇ ಬಿತ್ತನೆಯ ಕಣಜವಾಗಿ ವರ್ಷವರ್ಷವೂ ಮರಿಗಳನ್ನು ಕಳುಹಿಸಿಕೊಟ್ಟಿತು. ಕೈಯ ಮಿತಿಯೇ ಶಾಸನದ ಕೆಲಸವನ್ನು ಮಾಡಿದ್ದಿತು.

ಬಿಳಿಯರು ತಂದ ಮೊದಲ ಸಾಧನ ಉದ್ದವಾದ ಇಕ್ಕಳ. ಕತ್ತರಿಯಂತೆ ಜೋಡಿಸಿದ ಎರಡು ಮರದ ಗಳುಗಳ ತುದಿಗೆ ಕಬ್ಬಿಣದ ಹಲ್ಲುಗಳ ಬುಟ್ಟಿ. ದೋಣಿಯ ಅಂಚಿನಲ್ಲಿ ನಿಂತವನು ಅದನ್ನು ನೀರಿಗಿಳಿಸಿ, ತಡಕಿ, ಹಿಡಿದು, ಎತ್ತಬೇಕು. ತೋಳುಗಳಿಗೆ ಬಹಳ ಶ್ರಮ. ಇಪ್ಪತ್ತು ಅಡಿಗಿಂತ ಆಳದಲ್ಲಿ ಅದರ ಆಟ ನಡೆಯುವುದು ಕಷ್ಟ. ಎರಡನೆಯದು ಇಂಗ್ಲಿಷಿನಲ್ಲಿ ಡ್ರೆಜ್ ಎನ್ನುವ ಸಾಧನ. ಇದನ್ನು ನಾವು ಗೋರುಬಲೆಯೆನ್ನೋಣ. ನಮ್ಮ ರೈತರ ಕುಂಟೆಗೆ ಹಲ್ಲುಗಳನ್ನು ಕಟ್ಟಿ ಅದರ ಹಿಂದೆ ಸರಪಣಿಯ ಚೀಲವನ್ನು ಹೊಲಿದರೆ ಹೇಗಿರುವುದೋ ಹಾಗೆ. ಹಾಯಿಹಡಗು ಅದನ್ನು ಎಳೆದುಕೊಂಡು ಹೋಗುತ್ತದೆ, ಹಲ್ಲುಗಳು ದಿಬ್ಬವನ್ನು ಮುರಿಯುತ್ತವೆ, ಚೀಲ ತುಂಬುತ್ತದೆ. ಅದಕ್ಕೆ ಆಳದ ಭಯವಿಲ್ಲ. ದೊಡ್ಡದು ಚಿಕ್ಕದು, ಸತ್ತದ್ದು ಬದುಕಿರುವುದು ಎಂಬ ಭೇದವೂ ಇಲ್ಲ.

ಗೋರುಬಲೆಯನ್ನು ಚೆಸಪೀಕಿಗೆ ತಂದವರು ಉತ್ತರದ ನ್ಯೂ ಇಂಗ್ಲೆಂಡಿನವರು. ತಮ್ಮ ತೀರದ ದಿಬ್ಬಗಳು ಬಡವಾದ ಮೇಲೆ ಅವರ ಹಡಗುಗಳು ದಕ್ಷಿಣಕ್ಕೆ ಮುಖಮಾಡಿದುವು. ತಮ್ಮ ನೀರಿಗೆ ಬಂದ ಅತಿಥಿಗಳ ಕೈಯಲ್ಲಿದ್ದ ಸಾಧನವನ್ನು ಕಂಡು ಬೆದರಿದ ವರ್ಜೀನಿಯವು ೧೮೧೧ರಲ್ಲಿಯೂ ಮೇರಿಲೆಂಡ್ ೧೮೨೦ರಲ್ಲಿಯೂ ಅದನ್ನು ನಿಷೇಧಿಸಿದುವು. ಸುಮಾರು ಅರ್ಧ ಶತಮಾನ ಮೇರಿಲೆಂಡಿನಲ್ಲಿ ಇಕ್ಕಳವೇ ಧರ್ಮಸಮ್ಮತವಾದ ಸಾಧನವಾಗಿದ್ದಿತು. ಈ ನಡುವೆ ಬಾಲ್ಟಿಮೋರಿನಲ್ಲಿ ಸಿಂಪಿಯನ್ನು ಡಬ್ಬಿಗಳಲ್ಲಿ ಮುಚ್ಚಿ ಇಡುವ ಕಾರ್ಖಾನೆಗಳೆದ್ದುವು. ರೈಲುದಾರಿಯು ಪರ್ವತಗಳನ್ನು ದಾಟಿ ಪಶ್ಚಿಮಕ್ಕೆ ಹೋಯಿತು. ಒಳನಾಡಿನ ಊರುಗಳಲ್ಲಿಯೂ ಸಿಂಪಿ ತಿನ್ನುವ ರೂಢಿ ಹಬ್ಬಿತು. ಅಂತರ್ಯುದ್ಧ ಮುಗಿದ ೧೮೬೫ರಲ್ಲಿ ಮೇರಿಲೆಂಡ್ ಮನಸ್ಸು ಬದಲಿಸಿ, ಲೈಸೆನ್ಸು ಪಡೆದವರು ಕೊಲ್ಲಿಯ ಆಳವಾದ ಭಾಗದಲ್ಲಿ ಗೋರುಬಲೆ ಹಾಕಬಹುದೆಂದು ಶಾಸನ ಮಾಡಿತು. ಒಂದು ಷರತ್ತು ಮಾತ್ರ ಇದ್ದಿತು: ಬಲೆಯನ್ನು ಎಳೆಯುವ ಹಡಗು ಗಾಳಿಯಿಂದಲೇ ನಡೆಯಬೇಕು, ಉಗಿಯಂತ್ರ ಕೂಡದು. ಈ ಷರತ್ತಿನ ವಿಷಯ ಮುಂದೆ ಬರುತ್ತದೆ.

ಆಮೇಲೆ ನಡೆದುದನ್ನು ಅಮೆರಿಕದ ಇತಿಹಾಸಕಾರರು ಸಿಂಪಿಯ ಯುದ್ಧಗಳೆಂದು ಕರೆಯುತ್ತಾರೆ. ಈ ಮಾತು ಉತ್ಪ್ರೇಕ್ಷೆಯಲ್ಲ. ಆಳದ ದಿಬ್ಬಗಳು ತೆಳುವಾದಂತೆ ಗೋರುಬಲೆಯವರು ರಾತ್ರಿಯ ವೇಳೆ ಇಕ್ಕಳದವರ ನದಿಗಳಿಗೆ ನುಗ್ಗತೊಡಗಿದರು. ಇಕ್ಕಳದವರು ದಡದಿಂದ ಗುಂಡು ಹಾರಿಸಿದರು. ೧೮೬೮ರಲ್ಲಿ ಮೇರಿಲೆಂಡ್ ಸಿಂಪಿಯ ಕಾವಲಿಗೆಂದೇ ಸಣ್ಣದೊಂದು ನೌಕಾಪಡೆಯನ್ನು ಕಟ್ಟಬೇಕಾಯಿತು. ೧೮೮೨ರಲ್ಲಿ ವರ್ಜೀನಿಯದ ಗವರ್ನರಾದ ಕ್ಯಾಮೆರನ್ನರು ತಾವೇ ಹಡಗೇರಿ ರಾಪಹಾನಕ್ ನದಿಯ ಬಾಯಿಯಲ್ಲಿ ಕಳ್ಳ ಹಡಗುಗಳನ್ನು ಹಿಡಿದರು. ೧೮೮೮ರ ಚಳಿಗಾಲದಲ್ಲಿ ಚೆಸ್ಟರ್ ನದಿಯಲ್ಲಿ ಗೋರುಬಲೆಯವರಿಗೂ ಕಾವಲಿನ ಹಡಗಿಗೂ ನಿಜವಾದ ಕಾಳಗವೇ ನಡೆಯಿತು. ಹಡಗಿನೊಳಗಿನ ಬಾಳೂ ಸುಖಕರವಾಗಿರಲಿಲ್ಲ. ಯುರೋಪಿನಿಂದ ಆಗತಾನೆ ಬಂದಿಳಿದ, ಭಾಷೆಯರಿಯದ ಬಡವರನ್ನು ಬಾಲ್ಟಿಮೋರಿನ ಬೀದಿಗಳಲ್ಲಿ ಮರುಳುಮಾಡಿ ಹಡಗಿಗೆ ಹತ್ತಿಸಿ, ಮಂಜಿನ ಗಾಳಿಯಲ್ಲಿ ಗೋರುಬಲೆಯ ರಾಟೆ ತಿರುಗಿಸಲು ಹಚ್ಚುತ್ತಿದ್ದರು. ಕಡಲ ನೆಲವನ್ನು ಗೋರಿದ ವ್ಯವಸ್ಥೆಯೇ ಮನುಷ್ಯರನ್ನೂ ಗೋರಿತೆಂದರೆ ತಪ್ಪಾಗದು.

೧೮೮೪-೮೫ರ ಋತುವಿನಲ್ಲಿ ಮೇರಿಲೆಂಡ್ ಒಂದರಲ್ಲಿಯೇ ೧೫೦ ಲಕ್ಷ ಬುಷೆಲ್ ಸಿಂಪಿ ದಡಕ್ಕೆ ಬಂದಿತು. ಬುಷೆಲೊಂದಕ್ಕೆ ಸುಮಾರು ೩೦೦ ಸಿಂಪಿಯೆಂದು ಎಣಿಸಿದರೆ ಲೆಕ್ಕ ೪೫೦ ಕೋಟಿಗೆ ಏರುತ್ತದೆ. ಆ ವೈಭವ ಮತ್ತೆ ಬರಲಿಲ್ಲ.

ಈ ಕಾಲದಲ್ಲಿ ಇಬ್ಬರು ಎಚ್ಚತ್ತಿದ್ದರು. ಒಬ್ಬರು ಅಮೆರಿಕದ ನೌಕಾದಳದ ಲೆಫ್ಟೆನೆಂಟ್ ಫ್ರಾನ್ಸಿಸ್ ವಿನ್‌ಸ್ಲೊ. ಅವರು ೧೮೭೮-೭೯ರಲ್ಲಿ ಟ್ಯಾಂಜಿಯರ್ ಮತ್ತು ಪೊಕೊಮೋಕ್ ಎಂಬ ಎರಡು ಒಳಕಡಲುಗಳ ಸಿಂಪಿನೆಲವನ್ನು ಅಳೆದರು. ಇನ್ನೊಬ್ಬರು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರದ ಅಧ್ಯಾಪಕರಾದ ವಿಲಿಯಂ ಬ್ರೂಕ್ಸ್. ಅಮೆರಿಕದ ಸಿಂಪಿಯ ಮೊಟ್ಟೆ ತಾಯಿಯ ಹೊರಗೆ, ನೀರಿನಲ್ಲಿಯೇ ಬೆಳೆಯುವುದೆಂಬುದನ್ನು ಕಂಡುಹಿಡಿದವರು ಇವರೇ. ೧೮೮೨ರಲ್ಲಿ ನೇಮಕವಾದ ಮೇರಿಲೆಂಡಿನ ವಿಚಾರಣಾ ಮಂಡಲಿಗೆ ಅವರು ಮುಖ್ಯಸ್ಥರಾದರು. ಸಂಸ್ಥಾನದ ಸಂಪತ್ತು ಕಣ್ಣೆದುರಿಗೇ ಕರಗುತ್ತಿದೆಯೆಂದೂ, ಕಾಡಿನಲ್ಲಿ ಬೇಟೆಯಾಡುವಂತೆ ಸಿಂಪಿಯನ್ನು ಹಿಡಿಯುವುದನ್ನು ಬಿಟ್ಟು ಹೊಲದಲ್ಲಿ ಬೆಳೆಯುವಂತೆ ಬೆಳೆಯಬೇಕೆಂದೂ ಅವರು ವಾದಿಸಿದರು. ೧೮೯೧ರಲ್ಲಿ ಜನಸಾಮಾನ್ಯರಿಗಾಗಿ ಒಂದು ಪುಸ್ತಕವನ್ನೂ ಬರೆದರು. ಶಾಸನಸಭೆ ಅವರ ಮಾತನ್ನು ಗೌರವದಿಂದ ಕೇಳಿ, ಬಹುಪಾಲು ಪಕ್ಕಕ್ಕಿಟ್ಟಿತು. ಕೊಲ್ಲಿಯ ನೆಲ ಎಲ್ಲರದೂ ಆಗಿರುವಾಗ ಅದನ್ನು ಕೆಲವರಿಗೆ ಗೇಣಿಗೆ ಕೊಡುವುದು ಬಡ ಬೆಸ್ತನ ಬಾಯಿಗೆ ಮಣ್ಣು ಹಾಕಿದಂತೆ ಎಂಬ ಕೂಗು ಬಲವಾಗಿದ್ದಿತು. ಆ ಕೂಗಿನಲ್ಲಿಯೂ ನ್ಯಾಯವಿಲ್ಲದೆ ಇರಲಿಲ್ಲ. ಹಣವುಳ್ಳ ಕಂಪನಿಗಳು ನೆಲವನ್ನೆಲ್ಲ ನುಂಗುವುವೆಂಬ ಭಯಕ್ಕೆ ಅವರಿಗೆ ಕಾರಣವಿದ್ದಿತು.

ಗೋರುಬಲೆಯವರ ಪಕ್ಷದ ವಾದವನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಉತ್ತರೆ ಕುಂಟೆ ಆಡದ ಹೊಲ ಗಟ್ಟಿಯಾಗುವಂತೆ, ಗೋರದ ದಿಬ್ಬದಲ್ಲಿ ಸಿಂಪಿಗಳು ಒಂದಕ್ಕೊಂದು ಒತ್ತಿಕೊಂಡು ಸೊರಗಿ ಉದ್ದವಾಗಿ ಬೆಳೆಯುತ್ತವೆ. ಗೋರಿದರೆ ಗೊಂಚಲುಗಳು ಬಿಡಿಬಿಡಿಯಾಗಿ ದುಂಡಗೆ ಕೊಬ್ಬುತ್ತವೆ. ಚಿಪ್ಪು ಸುತ್ತಲೂ ಹರಡಿ ದಿಬ್ಬದ ವಿಸ್ತಾರ ಹೆಚ್ಚುತ್ತದೆ ಎಂದು ಅವರು ಹೇಳಿದರು. ಇದೆಲ್ಲವೂ ಕಣ್ಣಿಗೆ ಕಂಡ ಸತ್ಯ. ವಿನ್‌ಸ್ಲೊ ಅವರ ಅಳತೆಯಲ್ಲಿಯೂ ಗೋರಿದ ದಿಬ್ಬಗಳು ಅಗಲವಾಗಿದ್ದುದು ಕಂಡುಬಂದಿತು. ಆದರೆ ಅಗಲವಾದುದು ತೆಳುವಾಗಿಯೂ ಇದ್ದಿತು. ಎತ್ತರವನ್ನು ಕೊಟ್ಟು ವಿಸ್ತಾರವನ್ನು ಕೊಂಡಿದ್ದರು. ಆ ವ್ಯಾಪಾರದಲ್ಲಿ ನಷ್ಟವೆಷ್ಟೆಂಬುದನ್ನು ಅಳೆಯಲು ಆಗ ಯಾರಲ್ಲಿಯೂ ಕೋಲಿರಲಿಲ್ಲ.

ಆ ಕೋಲು ದೊರೆತುದು ಒಂದು ಶತಮಾನ ಕಳೆದ ಮೇಲೆ, ಚೆಸಪೀಕಿಗೆ ದಕ್ಷಿಣದಲ್ಲಿರುವ ಉತ್ತರ ಕೆರೊಲೈನದಲ್ಲಿ. ಲೆನಿಹನ್ ಮತ್ತು ಪೀಟರ್ಸನ್ ಎಂಬ ಇಬ್ಬರು ವಿಜ್ಞಾನಿಗಳು ನ್ಯೂಸ್ ನದಿಯ ಅಳಿವೆಯಲ್ಲಿ ಒಂದು ಮೀಟರು ಎತ್ತರದ ಸಿಂಪಿದಿಬ್ಬಗಳನ್ನು ತಾವೇ ಕಟ್ಟಿ, ಕೆಲವನ್ನು ಗೋರುಬಲೆಯಿಂದಲೂ ಕೆಲವನ್ನು ಇಕ್ಕಳದಿಂದಲೂ ಕೆಲವನ್ನು ಮುಳುಗುಗಾರರ ಕೈಯಿಂದಲೂ ಕೊಯ್ಯಿಸಿದರು. ಗೋರುಬಲೆ ಬಿದ್ದ ದಿಬ್ಬದ ಎತ್ತರ ನೂರಕ್ಕೆ ೩೪ ಪಾಲು ಇಳಿಯಿತು; ಇಕ್ಕಳ ಬಿದ್ದುದರದು ೨೩ ಪಾಲು; ಕೈಯಿಂದ ಆಯ್ದುದರದು ೬ ಪಾಲು ಮಾತ್ರ. ಎತ್ತರ ಹೋದರೆ ಆಗುವುದೇನೆಂಬುದನ್ನೂ ಅವರು ೧೯೯೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಬೇಸಗೆಯಲ್ಲಿ ಅಳಿವೆಯ ತಳದ ನೀರಿನಲ್ಲಿ ಪ್ರಾಣವಾಯು ತೀರಿಹೋಗುತ್ತದೆ. ಎತ್ತರವಾದ ದಿಬ್ಬದ ನೆತ್ತಿಯಲ್ಲಿರುವ ಸಿಂಪಿ ಆ ಕೆಟ್ಟ ನೀರಿನ ಮೇಲೆ ತಲೆಯಿಟ್ಟುಕೊಂಡು ಬದುಕುತ್ತದೆ; ತಗ್ಗಾದ ದಿಬ್ಬದಲ್ಲಿರುವುದು ಸಾಯುತ್ತದೆ. ಅಂಥ ದಿನಗಳಲ್ಲಿ ಮೀನು ಏಡಿಗಳೂ ಎತ್ತರದ ದಿಬ್ಬಗಳಿಗೆ ಓಡಿಬಂದು ಆಶ್ರಯ ಪಡೆಯುತ್ತವೆ. ಪ್ರವಾಹದ ಕಾಲದಲ್ಲಿ ಊರಿನ ಜನ ಗುಡ್ಡವನ್ನು ಹತ್ತುವಂತೆ ಇದು. ಇಕ್ಕಳವೂ ನಿರಪರಾಧಿಯಲ್ಲವೆಂಬುದನ್ನು ಕೇಳುಗರು ಗಮನಿಸಬೇಕು. ಹಳೆಯ ಸಾಧನವಾದ ಮಾತ್ರಕ್ಕೆ ಸಾಧುವೆಂದು ನಂಬುವುದು ನಮ್ಮಲ್ಲಿಯೂ ಇರುವ ಒಂದು ದೌರ್ಬಲ್ಯ.

ಮೇರಿಲೆಂಡಿನ ಹಾಯಿಯ ಷರತ್ತಿಗೆ ಈಗ ಹಿಂದಿರುಗೋಣ. ಹೆಚ್ಚು ಸಮರ್ಥವಾದ ಸಾಧನವು ಕೈಯಲ್ಲಿರುವಾಗ ಕಡಮೆ ಸಮರ್ಥವಾದುದನ್ನೇ ಬಳಸಬೇಕೆಂದು ವಿಧಿಸುವ ಶಾಸನ ಅರ್ಥಶಾಸ್ತ್ರಜ್ಞರಿಗೆ ಹುಚ್ಚುತನವಾಗಿ ಕಾಣುತ್ತದೆ. ಆದರೆ ಗಾಳಿಯಿಲ್ಲದ ದಿನ ಸಿಂಪಿಗೆ ರಜ. ಬಿರುಗಾಳಿಯ ದಿನವೂ ರಜ. ಇಂಗ್ಲೆಂಡಿನ ಕಾರ್ನ್‌ವಾಲಿನ ಫಾಲ್ ಅಳಿವೆಯಲ್ಲಿಯೂ ಸಿಂಪಿಯನ್ನು ಹಾಯಿಯಿಂದಲೋ ಹುಟ್ಟಿನಿಂದಲೋ ನಡೆಯುವ ದೋಣಿಗಳಿಂದಲೇ ಗೋರಬೇಕೆಂಬ ಕಟ್ಟಳೆಯುಂಟು. ಅಲ್ಲಿನ ಸಹಜ ದಿಬ್ಬಗಳು ಉಳಿದಿರುವುದಕ್ಕೆ ಅದೂ ಒಂದು ಕಾರಣವೆಂದು ಎಣಿಸುತ್ತಾರೆ. ಮೇರಿಲೆಂಡಿನಲ್ಲಿ ಈ ಕಟ್ಟಳೆಯಿಂದಾಗಿ ಸ್ಕಿಪ್‌ಜಾಕ್ ಎಂಬ ಸುಂದರವಾದ ಹಾಯಿದೋಣಿಗಳ ಒಂದು ಕುಲವೇ ಬೆಳೆದು, ಉತ್ತರ ಅಮೆರಿಕದಲ್ಲಿ ವ್ಯಾಪಾರಕ್ಕಾಗಿ ಹಾಯಿ ಬಿಚ್ಚುವ ಕೊನೆಯ ಪಡೆಯೆಂದು ಹೆಸರಾಯಿತು. ೧೯೬೭ರಲ್ಲಿ ವಾರಕ್ಕೆ ಎರಡು ದಿನ ಎಂಜಿನ್ ದೋಣಿಯಿಂದ ಅವನ್ನು ತಳ್ಳಬಹುದೆಂದು ಶಾಸನ ಸಡಿಲವಾಯಿತು. ಸಹಜವಾಗಿಯೇ ಆ ಎರಡು ದಿನಗಳಲ್ಲಿಯೇ ಕೆಲಸವೆಲ್ಲ ನಡೆಯತೊಡಗಿತು.

ಇಷ್ಟಾದರೂ ಹಾಯಿಯ ಷರತ್ತು ದಿಬ್ಬಗಳನ್ನು ಉಳಿಸಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದಕ್ಕೆ ಕಾರಣ ಚಿಪ್ಪಿನ ಲೆಕ್ಕವನ್ನು ಯಾರೂ ಇಡದೆ ಹೋದುದು. ಕಾರ್ಖಾನೆಗಳ ಹಿಂದೆ ಬೆಟ್ಟದಂತೆ ಬಿದ್ದಿದ್ದ ಚಿಪ್ಪು ಸುಣ್ಣದ ಗೂಡಿಗೆ ಹೋಯಿತು, ಹೊಲಕ್ಕೆ ಹೋಯಿತು, ಕೋಳಿಗಳ ಆಹಾರಕ್ಕೆ ಹೋಯಿತು, ರಸ್ತೆಗೆ ಹೋಯಿತು. ಕ್ರಿಸ್‌ಫೀಲ್ಡ್ ಎಂಬ ಬಂದರಿನ ಊರು ಬಹುಭಾಗ ಸಿಂಪಿಯ ಚಿಪ್ಪನ್ನು ತುಂಬಿ ಮಾಡಿದ ನೆಲದ ಮೇಲೆಯೇ ನಿಂತಿದೆ. ನೀರಿನ ಕೆಳಗಿದ್ದ ಊರನ್ನು ಕಿತ್ತು ನೀರಿನ ಮೇಲೆ ಊರು ಕಟ್ಟಿದರು. ೧೮೯೦ರ ಶಾಸನವು ಸಣ್ಣ ಸಿಂಪಿಗಳನ್ನು ಅಲ್ಲಿಯೇ ನೀರಿಗೆ ಬಿಡಬೇಕೆಂದು ವಿಧಿಸಿತು, ಅದು ಒಳ್ಳೆಯದೇ. ಆದರೆ ದಡಕ್ಕೆ ಬಂದ ಚಿಪ್ಪು ಅದೇ ಪ್ರಮಾಣದಲ್ಲಿ ಹಿಂದಿರುಗಲಿಲ್ಲ. ೧೯೦೬ರಿಂದ ೧೯೧೨ರವರೆಗೆ ಯೇಟ್ಸ್ ಎಂಬವರು ಮೇರಿಲೆಂಡಿನ ಸಿಂಪಿನೆಲವನ್ನೆಲ್ಲ ಅಳೆದು ನಕ್ಷೆ ಮಾಡಿದ್ದರು. ಆ ನಕ್ಷೆಯನ್ನು ಇತ್ತೀಚಿನ ಅಳತೆಯೊಡನೆ ಹೋಲಿಸಿದ ರಾತ್ಸ್‌ಚೈಲ್ಡ್ ಮತ್ತು ಅವರ ಜೊತೆಯ ಸಂಶೋಧಕರು, ಅರ್ಧಕ್ಕಿಂತ ಹೆಚ್ಚು ನೆಲ ಹಾಳಾಗಿದೆಯೆಂದೂ, ಸಾಧನಗಳಿಂದ ದಿಬ್ಬಗಳು ಮುರಿದುದೂ ಅತಿಯಾದ ಕೊಯ್ಲೂ ಅವನತಿಗೆ ಮೂಲಕಾರಣಗಳೆಂದೂ ೧೯೯೪ರಲ್ಲಿ ಬರೆದರು.

ಗೋರುಬಲೆಯೊಂದರ ಮೇಲೆಯೇ ಎಲ್ಲ ಅಪರಾಧವನ್ನೂ ಹೊರಿಸುವುದು ಸರಿಯಲ್ಲ. ದಡದ ಕಾಡು ಕಡಿದುದರಿಂದ ನದಿಗಳು ಮಣ್ಣನ್ನು ತಂದು ಸುರಿದುವು. ಹೊಲಗಳ ಗೊಬ್ಬರವೂ ಊರುಗಳ ಕೊಳಚೆಯೂ ಹರಿದುಬಂದುವು. ೧೯೪೯ರಲ್ಲಿ ವರ್ಜೀನಿಯದಲ್ಲಿ ಡರ್ಮೊ ಎಂಬ ಸಿಂಪಿಯ ರೋಗವೂ, ೧೯೫೯ರಲ್ಲಿ ಎಮ್ಮೆಸ್ಸೆಕ್ಸ್ ಎಂಬ ಇನ್ನೊಂದೂ ಕಾಣಿಸಿಕೊಂಡುವು. ಇವು ಮನುಷ್ಯರಿಗೆ ತಗುಲುವುವಲ್ಲ. ಸಿಂಪಿಗೆ ಮಾತ್ರ ಮಾರಿ. ೧೯೭೨ರ ಜೂನ್ ತಿಂಗಳಿನಲ್ಲಿ ಆಗ್ನೆಸ್ ಎಂಬ ಚಂಡಮಾರುತ ಸುರಿಸಿದ ಸಿಹಿನೀರು ಕೊಲ್ಲಿಯ ಮೇಲ್ಭಾಗದ ಎಷ್ಟೋ ಸಿಂಪಿಗಳನ್ನು ಕೊಂದಿತು. ಆದರೆ ಮಣ್ಣು ಬಂದಾಗ ಮೊದಲು ಹೂತುಹೋಗುವುದು ತಗ್ಗು ದಿಬ್ಬ. ಮಾರಿಯು ಹಿಡಿದ ಮೇಲೆ ಮರಿಗಳು ಮತ್ತೆ ಬಂದು ಕೂರಬೇಕಾದರೂ ಶುಭ್ರವಾದ ಚಿಪ್ಪು ಬೇಕು. ಹಸಿದು ಬಳಲಿದವನಿಗೆ ಜ್ವರ ಬಂದರೆ ಸಾವಿಗೆ ಜ್ವರವನ್ನೊಂದನ್ನೇ ದೂರಬಹುದೆ?

ಸಿಂಪಿ ಹೋದುದರಿಂದ ಸಿಂಪಿ ತಿನ್ನುವವರಿಗೆ ಮಾತ್ರ ನಷ್ಟವಾಯಿತೆಂದು ತಿಳಿಯಬಾರದು. ಸ್ಥಿರವಾಗಿ ಕುಳಿತ ಈ ಪ್ರಾಣಿ ನೀರನ್ನು ಒಳಗೆ ಎಳೆದುಕೊಂಡು ಅದರಲ್ಲಿರುವ ಸೂಕ್ಷ್ಮಸಸ್ಯಗಳನ್ನು ಸೋಸಿ ತಿಂದು ತಿಳಿನೀರನ್ನು ಹೊರಗೆ ಬಿಡುತ್ತದೆ. ೧೮೭೦ಕ್ಕೆ ಮೊದಲು ಇದ್ದ ಸಿಂಪಿಗಳು ಕೊಲ್ಲಿಯಷ್ಟು ನೀರನ್ನು ಮೂರರಿಂದ ಆರು ದಿನಗಳಲ್ಲಿ ಸೋಸಬಲ್ಲವಾಗಿದ್ದುವೆಂದೂ, ತಮ್ಮ ಕಾಲಕ್ಕೆ ಉಳಿದಿದ್ದವಕ್ಕೆ ಆ ಕೆಲಸಕ್ಕೆ ಸುಮಾರು ಒಂದು ವರ್ಷ ಬೇಕೆಂದೂ ನ್ಯೂಯೆಲ್ ಎಂಬ ವಿಜ್ಞಾನಿ ೧೯೮೮ರಲ್ಲಿ ಲೆಕ್ಕಹಾಕಿದರು. ಋತುಭೇದವನ್ನೂ ನೀರಿನ ಚಲನೆಯನ್ನೂ ಗಣಿಸಿ ಈ ಲೆಕ್ಕವನ್ನು ಆಕ್ಷೇಪಿಸಿದವರುಂಟು. ಸಂಖ್ಯೆಯಲ್ಲಿ ಹೆಚ್ಚು ಕಡಮೆ ಇರಬಹುದು. ಶುದ್ಧಿಮಾಡುವವನು ಮನೆ ಬಿಟ್ಟುಹೋದನೆಂಬುದರಲ್ಲಿ ವಿವಾದವಿಲ್ಲ. ಸೋಸದ ಸೂಕ್ಷ್ಮಸಸ್ಯ ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ಅಲ್ಲಿನ ಪ್ರಾಣವಾಯುವನ್ನು ತಿಂದುಬಿಡುತ್ತದೆ. ನೀರು ಕದಡಿ ಬೆಳಕು ಇಳಿಯದಿದ್ದರೆ ತಳದ ಹುಲ್ಲು ಬೆಳೆಯುವುದಿಲ್ಲ. ಹುಲ್ಲಿಲ್ಲದಿದ್ದರೆ ಏಡಿಯ ಮರಿಗಳಿಗೆ ಮರೆಯಿಲ್ಲ. ದಿಬ್ಬದ ಸಂದುಗಳಲ್ಲಿಯೂ ಎಷ್ಟೋ ಸಣ್ಣ ಮೀನುಗಳ ಬಾಳಿದೆ. ಕೆಲವು ಖಾಲಿ ಚಿಪ್ಪಿನೊಳಗೇ ಮೊಟ್ಟೆಯಿಡುತ್ತವೆ. ಅಮೆರಿಕದ ಆಗ್ನೇಯ ತೀರದಲ್ಲಿ ಮತ್ತೆ ಕಟ್ಟಿದ ಸಿಂಪಿದಿಬ್ಬದ ಪ್ರತಿ ಹತ್ತು ಚದರ ಮೀಟರಿನಿಂದ ವರ್ಷಕ್ಕೆ ೨.೬ ಕಿಲೋಗ್ರಾಮು ಮೀನು ಏಡಿಗಳು ಹೆಚ್ಚಾಗಿ ಬೆಳೆಯುತ್ತವೆಂದು ೨೦೦೩ರ ಒಂದು ಸಂಶೋಧನೆ ಎಣಿಸಿತು. ಚದರ ಮೈಲಿಗಳ ಲೆಕ್ಕದಲ್ಲಿ ದಿಬ್ಬಗಳು ಹೋದುವೆಂದರೆ ಎಷ್ಟು ಬಲೆಗಳು ಬರಿದಾದುವೆಂಬುದನ್ನು ಕೇಳುಗರೇ ಊಹಿಸಬಹುದು. ೧೩೭೬ರ ಅರ್ಜಿದಾರರು ದೊಡ್ಡ ಮೀನಿನ ಆಹಾರದ ಮಾತನ್ನೆತ್ತಿದ್ದರಷ್ಟೆ.

೨೦೦೩-೦೪ರ ಋತುವಿನಲ್ಲಿ ಮೇರಿಲೆಂಡಿನ ಕೊಯ್ಲು ಸುಮಾರು ೨೬ ಸಾವಿರ ಬುಷೆಲುಗಳಿಗೆ ಇಳಿಯಿತು. ಹಿಂದಿನ ೧೫೦ ಲಕ್ಷದ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಬೇಕು. ಆಮೇಲೆ ಸಂಸ್ಥಾನವು ಎಚ್ಚತ್ತು, ೨೦೧೦ರಲ್ಲಿ ಉಳಿದ ಒಳ್ಳೆಯ ಸಿಂಪಿನೆಲದ ಸುಮಾರು ಕಾಲುಭಾಗವನ್ನು ಕೊಯ್ಲು ನಿಷಿದ್ಧವಾದ ಆಶ್ರಯಸ್ಥಾನಗಳನ್ನಾಗಿ ಮಾಡಿತು. ಮೂಲನಿವಾಸಿಗಳ ಕೈಗೆ ಎಟಕದೆ ತಾನಾಗಿ ಉಳಿದಿದ್ದುದನ್ನು ಈಗ ಕಾವಲಿಟ್ಟು ಉಳಿಸಬೇಕಾಯಿತು. ಬ್ರೂಕ್ಸರು ಬಯಸಿದ ಗೇಣಿಯ ಕೃಷಿಯೂ ಒಂದು ಶತಮಾನ ತಡವಾಗಿ ಚಿಗುರಿದೆ. ಅನಂತರದ ವರ್ಷಗಳಲ್ಲಿ ಕೊಯ್ಲು ಒಂದಿಷ್ಟು ಚೇತರಿಸಿಕೊಂಡಿದೆ.

೨೦೧೧ರಿಂದ ಹ್ಯಾರಿಸ್ ಕ್ರೀಕ್ ಎಂಬ ಉಪನದಿಯಲ್ಲಿ ಸುಮಾರು ೩೫೦ ಎಕರೆಯಷ್ಟು ದಿಬ್ಬಗಳನ್ನು ಮತ್ತೆ ಕಟ್ಟುವ ಕೆಲಸ ನಡೆದು ೨೦೧೫ರ ವೇಳೆಗೆ ಮುಗಿಯಿತು. ಮೊಟ್ಟೆಮನೆಯಲ್ಲಿ ಬೆಳೆಸಿದ ಮರಿಗಳೇನೋ ಕೋಟಿಗಟ್ಟಲೆ ಸಿಕ್ಕಿದುವು. ಅವನ್ನು ಕೂರಿಸಲು ಚಿಪ್ಪು ಸಿಕ್ಕಲಿಲ್ಲ. ಕೆಲವು ಕಡೆ ಗ್ರಾನೈಟ್ ಕಲ್ಲನ್ನೇ ಸುರಿಯಬೇಕಾಯಿತು. ಅದರಿಂದ ತಮ್ಮ ಏಡಿಯ ಹಗ್ಗಗಳು ತೊಡರುತ್ತವೆಂದೂ ದೋಣಿಯ ತಳ ತಗಲುತ್ತದೆಂದೂ ಬೆಸ್ತರು ತಗಾದೆ ತೆಗೆದರು. ಮುನ್ನೂರು ವರ್ಷಗಳ ಹಿಂದೆ ಮಿಷೆಲ್ ಬರೆದಿಟ್ಟ ತೊಂದರೆಯೇ ಇದು. ಉಳಿದ ಕಡೆಗೆ ಫ್ಲಾರಿಡದ ಗಣಿಗಳಿಂದ ಅಗೆದ, ಪುರಾತನ ಯುಗದ ಶಿಲೀಭೂತವಾದ ಚಿಪ್ಪನ್ನು ಗೂಡ್ಸ್ ರೈಲುಗಳಲ್ಲಿ ಸಾವಿರಾರು ಟನ್ ತುಂಬಿ ಮೇರಿಲೆಂಡಿಗೆ ಸಾಗಿಸಿದರು.